ರಿವಾಲ್ವರಿಗೆ ಉಗುರುಬಣ್ಣ

ನಮ್ಮ ದೊಡ್ಡಪ್ಪ ತಮ್ಮ ರಿವಾಲ್ವರಿಗೆ ಮಾಡಿದಷ್ಟು ಅಲಂಕಾರವನ್ನು ನಮ್ಮ ಸೀಮೆಯಲ್ಲಿ ಮದುವಣಗಿತ್ತಿಗೂ ಮಾಡುವುದಿಲ್ಲ! ಸುಣ್ಣ ಬಳಿದರು, ಉಗುರುಬಣ್ಣ ಹಚ್ಚಿದರು, ಕೊನೆಗೆ ಹಣೆಗೆ ಬೊಟ್ಟಿಟ್ಟ ಹಾಗೆ ರೇಡಿಯಂ ಸ್ಟಿಕ್ಕರನ್ನೂ ಅಂಟಿಸಿದರು. ಹೂ ಮುಡಿಸಲಿಲ್ಲ, ಅಷ್ಟೇ. ಬೇರೆ ಯಾರಾದರೂ ಹೀಗೆ ಮಾಡಿದ್ದರೆ ಊರವರು ಹುಚ್ಚು ಅನ್ನುತ್ತಿದ್ದರು. ಆದರೆ ಕೈಯಲ್ಲಿ ರಿವಾಲ್ವರ್ ಇರುವವರನ್ನು ಹುಚ್ಚ ಅನ್ನುವ ಧೈರ್ಯ ಯಾರಿಗಿದೆ ಹೇಳಿ?

ದೊಡ್ಡಪ್ಪ ಮಿಲಿಟರಿಯಿಂದ ನಿವೃತ್ತರಾಗಿ ಬಂದು ಕೆ.ಆರ್. ಪೇಟೆ ತಾಲ್ಲೂಕಿನ ನಮ್ಮೂರಲ್ಲಿ ಕಬ್ಬು, ಎಮ್ಮೆ ಅಂತ ನೆಲೆನಿಂತವರು. ಸಮವಸ್ತ್ರ ಕಳಚಿಟ್ಟಿದ್ದರು, ಸೀಟಿ ಕಳಚಿಟ್ಟಿರಲಿಲ್ಲ. ಹಾಲು ಕರೆಯುವ ಹೊತ್ತಿಗೆ ಸೀಟಿ ಊದಿದರೆ ಎಮ್ಮೆಗಳು ಸಾಲಾಗಿ ನಿಲ್ಲಬೇಕು. ನಿಲ್ಲುತ್ತಿದ್ದವು ಕೂಡ! ಮಾತು ಕೇಳದಿದ್ದದ್ದು ದೊಡ್ಡವ್ವ ಒಬ್ಬಳೇ. “ನಾನೇನ್ ನಿಮ್ ಪಲ್ಟನ್ನಾ? ಓಗ್ರೀ ಅತ್ಲಾಗೆ,” ಅಂತ ಚೆಂಬು ಕುಕ್ಕಿ ಹೋಗುತ್ತಿದ್ದಳು.

ರಿವಾಲ್ವರಿಗೆ ಲೈಸೆನ್ಸ್ ಇತ್ತು, ಕೆಲಸ ಇರಲಿಲ್ಲ. ಊರಿಗೆ ಬಂದ ಮೇಲೆ ಅದು ಸದ್ದು ಮಾಡಿದ್ದು ಒಂದೇ ಸಲ, ಕಾಡುಹಂದಿ ಬೆದರಿಸಲು ಆಕಾಶಕ್ಕೆ. ಹಂದಿ ಗದ್ದೆ ಬಿಡಲಿಲ್ಲ, ಬೆಚ್ಚಿದ ಎಮ್ಮೆ ಹಾಲು ಬಿಡಲಿಲ್ಲ! ಅವತ್ತಿನಿಂದ ಗುಂಡುಗಳನ್ನು ದೊಡ್ಡವ್ವ ಬೀರುವಿನಲ್ಲಿಟ್ಟು ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡಳು. ದೊಡ್ಡಪ್ಪನಿಗೆ ಉಳಿದದ್ದು ಗುರಿ ನೋಡುವ ಸುಖ ಮಾತ್ರ. ದಿನಾ ಮುಸ್ಸಂಜೆ ಹಿತ್ತಿಲಿಗೆ ಬಂದು ರಿವಾಲ್ವರ್ ಬಿಚ್ಚಿ ತೋರಿಸಿ “ಖಾಲಿ!” ಅನ್ನುವರು. ಅಕ್ಕಿ ಆರಿಸುತ್ತ ಕೂತ ದೊಡ್ಡವ್ವ ತಲೆಯೆತ್ತದೆ “ಖಾಲಿ ಖಾಲಿ, ತಲೆನೂ ಖಾಲಿ,” ಅನ್ನುವಳು. ಆಮೇಲೆ ತೆಂಗಿನ ಮರಕ್ಕೆ ನೇತುಹಾಕಿದ ತಗಡಿನ ಡಬ್ಬಕ್ಕೆ ಗುರಿ.

ರಿವಾಲ್ವರಿನ ಹಿಂಭಾಗದಲ್ಲಿ ಒಂದು ಸಣ್ಣ ಕಚ್ಚು, ನಳಿಗೆಯ ತುದಿಯಲ್ಲಿ ಒಂದು ಸಣ್ಣ ಮೊಳೆ. ಕಚ್ಚಿನ ನಡುವೆ ಮೊಳೆ, ಮೊಳೆಯ ಮೇಲೆ ಡಬ್ಬ ಕೂತರೆ ಗುರಿ ಕೂತಂತೆ. ಪಕ್ಕದ ಕಬ್ಬಿನ ಗದ್ದೆಯಿಂದ ಚಿರತೆ ಬಂದು ಊರ ನಾಯಿಯೊಂದನ್ನು ಹೊತ್ತುಕೊಂಡು ಹೋದ ಆಸುಪಾಸಿನಲ್ಲೇ ದೊಡ್ಡಪ್ಪನ ತಕರಾರು ಶುರುವಾಯಿತು. “ಮುಂದಿನ ಮೊಳೆ ಕಾಣಾಕಿಲ್ಲ ಕಣ್ಲಾ. ಕೋವಿನೂ ಕಪ್ಪು, ಕತ್ಲೂ ಕಪ್ಪು. ಕಪ್ಪಿನ ಮ್ಯಾಲೆ ಕಪ್ಪು ಇಟ್ರೆ ಎಂಗೆ ಕಾಣ್ತದೆ?”

“ಚಿರತೆ ಹೊಡೆದ್ರೆ ಜೈಲು ದೊಡ್ಡಪ್ಪ,” ಅಂದೆ.

“ಹೊಡೆಯೋನು ಯಾವನ್ಲಾ? ಕೈಲಿರೋದು ಕಣ್ಣಿಗೆ ಕಾಣ್ಬೇಕೋ ಬ್ಯಾಡ್ವೋ?”

ಮೊದಲು ದೊಡ್ಡವ್ವನ ಎಲೆಅಡಿಕೆ ಡಬ್ಬಿಯ ಸುಣ್ಣಕ್ಕೆ ಕೈ ಹೋಯಿತು. ಕಡ್ಡಿಯಲ್ಲಿ ತೆಗೆದು ಮೊಳೆಗೆ ಬಳಿದರು. “ಎಲೆ ಆಕ್ಕಳೋಳು ನಾನು, ಸುಣ್ಣ ನಿಮ್ ಕೋವಿಗಾ? ಅದ್ರ ಬಾಯಿ ಕೆಂಪಾಯ್ತದಾ ನೋಡನ!” ಅಂತ ಅವಳು ಬೈದರೂ ದೊಡ್ಡಪ್ಪ “ಫಸ್ಟ್ ಕ್ಲಾಸ್!” ಅಂದರು. ಎರಡು ದಿನಕ್ಕೆ ಸುಣ್ಣ ಒಣಗಿ ಉದುರಿ ಪಂಚೆಯ ಮೇಲೆ ಬಿತ್ತು.

ಆಮೇಲೆ ಬೆಳ್ಳೂರು ಕ್ರಾಸಿನ ಫ್ಯಾನ್ಸಿ ಸ್ಟೋರು. ನಾನೇ ಕರೆದುಕೊಂಡು ಹೋಗಿದ್ದೆ, ನನ್ನ ಗ್ರಹಚಾರ! ಕಿವಿಯವರೆಗೆ ಮೀಸೆ ಬಿಟ್ಟ ಆಸಾಮಿ ಬಳೆಗಳ ಮಧ್ಯೆ ನಿಂತು, ಇರೋದರಲ್ಲೇ ಕಣ್ಣಿಗೆ ಹೊಡೆಯೋ ಉಗುರುಬಣ್ಣ ಕೊಡು ಅಂದರೆ ಅಂಗಡಿಯ ಹುಡುಗಿ ಏನು ಮಾಡಬೇಕು?

“ಆಂಟಿಗಾ ಅಂಕಲ್?”

“ಅಲ್ಲ ಕಣವ್ವ, ರಿವಾಲ್ವರಿಗೆ.”

ಹುಡುಗಿ ಎರಡು ಹೆಜ್ಜೆ ಹಿಂದೆ ಸರಿದಳು. ದೊಡ್ಡಪ್ಪ ಅಷ್ಟಕ್ಕೇ ಬಿಡಲಿಲ್ಲ. “ಒಸಿ ಲೈಟ್ ಆರ್ಸವ್ವ, ಕತ್ಲಲ್ಲಿ ಎಂಗ್ ಕಾಣ್ತದೆ ನೋಡ್ತೀನಿ,” ಅಂದುಬಿಟ್ಟರು! ಪಕ್ಕದ ಹೋಟೆಲಿನವರೆಲ್ಲ ಓಡಿಬಂದರು. ಕಿತ್ತಳೆ ಬಣ್ಣದ ಒಂದು ಸೀಸೆ ಕೊಂಡು ಅಲ್ಲಿಂದ ಪಾರಾದದ್ದು ನಮ್ಮ ಪುಣ್ಯ. ಆ ಬಣ್ಣವೂ ಮೊದಲು ಫಸ್ಟ್ ಕ್ಲಾಸ್ ಆಯಿತು, ಆಮೇಲೆ ಮಂಕಾಯಿತು. ಒಂದರ ಮೇಲೊಂದು ಬಳಿದು ಬಳಿದು ಮೊಳೆ ಊದಿಕೊಂಡಿತು. ಆದರೂ ಮಂಕು.

ಪಾಂಡವಪುರದಲ್ಲಿ ಕಬ್ಬಿನ ಟ್ರಾಕ್ಟರುಗಳಿಗೆ ರೇಡಿಯಂ ಅಂಟಿಸುವವನ ಹತ್ತಿರವೂ ಹೋದೆವು. ಎಷ್ಟು ದೊಡ್ಡದು ಬೇಕು ಅಂತ ಅವನು ಕೇಳಿದ. ದೊಡ್ಡಪ್ಪ, “ಕಡ್ಲೆ ಬ್ಯಾಳೆ ಗಾತ್ರ,” ಅಂದರು. “ಅದ್ಯಾವ್ ಗಾಡಿ ಸಾರ್?” ಅಂತ ಅವನು ಕತ್ತರಿ ಕೆಳಗಿಟ್ಟ. ಮನೆಗೆ ತಂದು ಅಂಟಿಸಿದ ಮೇಲೆ ಗೊತ್ತಾಯಿತು, ರೇಡಿಯಂ ಹೊಳೆಯಬೇಕಾದರೆ ಅದರ ಮೇಲೆ ಬೆಳಕು ಬೀಳಬೇಕು! ದೊಡ್ಡವ್ವ ಬೆನ್ನ ಹಿಂದೆ ನಿಂತು ಬ್ಯಾಟರಿ ಹಿಡಿದಳು. “ಚಿರತೆಗೂ ಏಳ್ಬುಡಿ, ನಾನು ಬ್ಯಾಟ್ರಿ ತರೋಗಂಟ ಅಲ್ಲೇ ನಿಂತಿರ್ಲಿ,” ಅಂದಳು. ನಾನು ನಕ್ಕೆ. ದೊಡ್ಡಪ್ಪ ನಗಲಿಲ್ಲ.

ಸ್ವಲ್ಪ ದಿನ ಬಿಟ್ಟು ಶ್ರೀರಂಗಪಟ್ಟಣದಿಂದ, ನನ್ನ ಕೆಲಸ ಅಲ್ಲೇ, ಮತ್ತೆ ಊರಿಗೆ ಹೋದೆ. ಹಿತ್ತಿಲಲ್ಲಿ ದೊಡ್ಡಪ್ಪ ಗುರಿ ಹಿಡಿದಿದ್ದರು. “ನೋಡ್ಲಾ, ಈಗ ಏನ್ ಒಳೀತದೆ! ನಕ್ಷತ್ರ ಕಣ್ಲಾ, ನಕ್ಷತ್ರ!” ಅಂದರು. ನಾನು ಹತ್ತಿರ ಹೋಗಿ ನೋಡಿದೆ. ಮೊಳೆಯ ಮೇಲೆ ಸ್ಟಿಕ್ಕರೇ ಇರಲಿಲ್ಲ. ಕಿತ್ತುಬಂದು ಅವರ ಕಾಲ ಬುಡದಲ್ಲಿ ಬಿದ್ದಿತ್ತು. ಬಾಯಿ ತೆರೆಯುವಷ್ಟರಲ್ಲಿ ಹಿಂದಿನಿಂದ ದೊಡ್ಡವ್ವ ನನ್ನ ತೋಳು ಅದುಮಿದಳು.

ಅಡಿಗೆಮನೆಯಲ್ಲಿ ಪಿಸುಗುಟ್ಟಿದಳು, “ತಟ್ಟೇಲಿ ಪಲ್ಯ ಎಲ್ಲದೆ ಅಂತ ಕೈಯಾಡುಸ್ತಾರೆ ಕಣ್ಲಾ. ಕೇಳುದ್ರೆ ಬಲ್ಬು ಸರಿಯಿಲ್ಲ ಅಂತಾರೆ. ಮನೆ ಬಲ್ಬೆಲ್ಲ ಬದಲಾಯಿಸ್ದೆ. ಇನ್ನೇನ್ ಬದಲಾಯಿಸ್ಲಿ?”

ಮೈಸೂರಿನ ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರ್ ಬಹಳ ಹೊತ್ತು ನೋಡಿದರು. ಕಣ್ಣಿನ ಒಳಪರದೆಯ ನಡುಭಾಗ ಎರಡೂ ಕಡೆ ಸವೆದುಹೋಗಿದೆಯಂತೆ. ಪಕ್ಕದ್ದೆಲ್ಲ ಅಷ್ಟಿಷ್ಟು ಕಾಣುತ್ತದೆ, ನೆಟ್ಟಗೆ ನೋಡಿದ್ದು ಮಾತ್ರ ಮಾಯ. ಹೋದದ್ದು ಬರುವುದಿಲ್ಲ.

ದೊಡ್ಡಪ್ಪ ಎಲ್ಲ ಕೇಳಿಸಿಕೊಂಡು, “ಅಂಗಾದ್ರೆ ಮುಂದಿನ ಮೊಳೆಗೆ ಯಾವ ಬಣ್ಣ ವಾಸಿ ಡಾಕ್ಟ್ರೇ?” ಅಂದರು. ನನಗೆ ನಗು ಬರಬೇಕಿತ್ತು. ಡಾಕ್ಟರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಯಾವುದೂ ಬೇಡ ಯಜಮಾನ್ರೇ,” ಅಂದರು.

ನಾಲ್ಕು ದಿನ ಕಳೆದು ಅವರೇ ಫೋನ್ ಮಾಡಿದರು. “ಕಾರ್ ತತ್ತಾ. ಪೊಲೀಸ್ ಸ್ಟೇಷನ್ನಿಗೆ ಓಗ್ಬೇಕು.”

ಅಲ್ಲಿ ಬೆಂಚಿನ ಮೇಲೆ ಕೂತು, ಹೆಬ್ಬೆರಳ ಉಗುರಿನಲ್ಲಿ ಮೊಳೆಯ ಮೇಲಿದ್ದ ಬಣ್ಣವನ್ನೆಲ್ಲ ಕೆರೆದರು. ತಡವಿ ನೋಡಿ ಮತ್ತೆ ಕೆರೆದರು. “ಬುಡಿ ಯಜಮಾನ್ರೇ, ನಾವು ಮಾಡ್ಕತೀವಿ,” ಅಂದ ಪೇದೆ. “ಇಲ್ಲಪ್ಪ. ಕೊಡೋ ಸಾಮಾನು ಕ್ಲೀನಾಗಿರ್ಬೇಕು,” ಅಂದರು. ರಿವಾಲ್ವರ್ ಬಿಚ್ಚಿ “ಖಾಲಿ!” ಅಂತ ತೋರಿಸಿದರು. ಉತ್ತರಕ್ಕೆ ಒಂದು ಗಳಿಗೆ ಕಾದರು. ಅಲ್ಲಿ ಯಾರಿಗೆ ಗೊತ್ತು ಏನು ಹೇಳಬೇಕು ಅಂತ? ಕೊನೆಗೆ ನಾನೇ ಮೆಲ್ಲಗೆ “ಖಾಲಿ” ಅಂದೆ. ಕೊಟ್ಟು ಸೆಲ್ಯೂಟ್ ಹೊಡೆದು ಬಂದರು.

ಊರು ಹತ್ತಿರವಾದಾಗ ಬಾಯಿ ಬಿಟ್ಟರು.

“ಮೊಳೆ ಓದ್ರೆ ಓಗ್ಲಿ ಬುಡು. ನಿಮ್ ದೊಡ್ಡವ್ವನ ಮಖ ಕಾಣ್ದೆ ವರ್ಷದ ಮ್ಯಾಲಾಯ್ತು ಕಣ್ಲಾ. ಸೀರೆ ಕಾಣ್ತದೆ, ಕೈ ಕಾಣ್ತದೆ. ಮಖ ನೋಡನ ಅಂತ ಕಣ್ಣಿಟ್ರೆ ಅಲ್ಲಿ ಮಸಿ ಬಳ್ದಂಗೆ. ಮೊಳೆ ಕಾಣೋ ಅಂಗಾದ್ರೆ ಅವ್ಳೂ ಕಾಣ್ತಾಳೆ ಅಂತ... ಅವ್ಳಿಗ್ ಏಳ್ಬ್ಯಾಡ. ಅತ್ಕತಾಳೆ.”

ನಾನು ರಸ್ತೆ ನೋಡಿಕೊಂಡು ಕಾರು ಓಡಿಸಿದೆ.

ಮನೆ ಮುಟ್ಟಿದಾಗ ಹೊತ್ತು ಮುಳುಗಿತ್ತು. ಜಗಲಿಯ ಕಂಬಕ್ಕೆ ಒಗೆದ ಸೀರೆಯೊಂದನ್ನು ಇಳಿಬಿಟ್ಟಿದ್ದರು. ದೊಡ್ಡವ್ವ ಅಂಗಳದ ಆ ಕಡೆ, ಕೊಟ್ಟಿಗೆಯ ಬಾಗಿಲಲ್ಲಿ ಹಾಲಿನ ಬಕೆಟ್ ಹಿಡಿದು ನಿಂತಿದ್ದಳು. ದೊಡ್ಡಪ್ಪ ನಾನು ಕೊಟ್ಟ ಕೈ ಹಿಡಿಯದೆ ಇಳಿದು, ನೆಟ್ಟಗೆ ನಡೆದು ಹೋಗಿ, ಕಂಬದ ಮುಂದೆ ನಿಂತರು. ನಕ್ಕರು.

“ಇಷ್ಟೊತ್ತೂ ಇಲ್ಲೇ ನಿಂತಿದ್ಯಾ? ಮಂಡಿ ನೋವು ಅಂತಿದ್ದೆ, ಕುಂತ್ಕಬಾರ್ದಾ?”

ದೊಡ್ಡವ್ವ ನನ್ನ ಕಡೆ ನೋಡಿದಳು. ಬಕೆಟನ್ನು ಸದ್ದಾಗದಂತೆ ಕೆಳಗಿಟ್ಟಳು. ಒಂದು ಕೈಯ ಬಳೆಗಳನ್ನು ಇನ್ನೊಂದು ಕೈಯಲ್ಲಿ ಅದುಮಿ ಹಿಡಿದು, ತುದಿಗಾಲಿನಲ್ಲಿ ಅಂಗಳ ದಾಟಿ ಬಂದು, ಒದ್ದೆ ಸೀರೆಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ಕಂಬಕ್ಕೆ ಬೆನ್ನು ಕೊಟ್ಟು ಅವರ ಎದುರಿಗೆ ನಿಂತಳು.

“ನೀವು ಬರ್ಲಿ ಅಂತ ಕಾಯ್ತಿದ್ದೆ,” ಅಂದಳು. “ಬನ್ನಿ, ಒಳಕ್ಕೋಗನ.”