ಕರೆಂಟಿಲ್ಲವೆಂದು ಸಾಕ್ಷಿ ನುಡಿದ ಮೀನಿನವರಿಗೆ

ಮಾನ್ಯ ಸಾಹುಕಾರರೇ,

ನಮ್ಮ ನಡುಮನೆಯ ಗಾಜಿನ ತೊಟ್ಟಿಯಲ್ಲಿ ಬಾಡಿಗೆಯಿಲ್ಲದೆ ಒಬ್ಬರೇ ವಾಸವಾಗಿರುವ, ಕಪ್ಪು ಮೈಯ ಮೇಲೆ ಕೆಂಡದ ಬಣ್ಣದ ಪಟ್ಟೆಗಳುಳ್ಳ, ಅಂಗೈಗಿಂತ ಅಗಲವಾದ, ಈ ಮನೆಯಲ್ಲಿ ಯಾರೂ ಎದುರು ಮಾತಾಡದ ಏಕೈಕ ಸದಸ್ಯರಾದ ತಮಗೆ, ತಮ್ಮ ತೊಟ್ಟಿಯನ್ನು ತಿಕ್ಕಿ ತೊಳೆಯುವ ಕಿರಿಮಗಳು ಒದ್ದೆ ಕೈಯನ್ನು ಚೆನ್ನಾಗಿ ಒರೆಸಿಕೊಂಡು ಮಾಡುವ ನಮಸ್ಕಾರಗಳು. ತಾವು ಕ್ಷೇಮವಾಗಿದ್ದೀರಿ ಎಂಬುದನ್ನು ಬಲ್ಲೆ. ನನ್ನ ದೂರು ಇರುವುದೇ ಆ ಕ್ಷೇಮದ ಮೇಲೆ. ಮನೆಮಾತನ್ನು ಹೀಗೆ ಬಹಿರಂಗವಾಗಿ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ. ಈ ಪತ್ರದ ಎರಡು ಪ್ರತಿಗಳನ್ನು ತೊಟ್ಟಿಯ ಗಾಜಿಗೆ ಅಂಟಿಸುತ್ತಿದ್ದೇನೆ, ಒಂದರ ಮುಖ ತಮ್ಮ ಕಡೆಗೆ, ಇನ್ನೊಂದರದು ಮನೆಯವರ ಕಡೆಗೆ.

ತಮಗೆ ನೆನಪಿರಬಹುದು, ಚಳಿ ಶುರುವಾದಾಗ ನನ್ನ ಭಾವ, ಅಂದರೆ ಅಕ್ಕನ ಗಂಡ, ತಮ್ಮ ನೀರು ಬೆಚ್ಚಗಿರಲೆಂದು ಗಾಜಿನ ಕೊಳವೆಯಂಥ ಒಂದು ಹೀಟರನ್ನು ಉಡುಗೊರೆಯಾಗಿ ತಂದು, ಅವರೇ ಸಿಕ್ಕಿಸಿ, ಅವರೇ ಮೆಚ್ಚಿಕೊಂಡು ಹೋದರು. ಆಮೇಲೆ ಒಂದು ದಿನ ಪಾಚಿ ತಿಕ್ಕಲು ನೀರಿಗೆ ಕೈ ಹಾಕಿದೆ. ಬೆರಳಿನಿಂದ ಮೊಣಕೈವರೆಗೆ ಯಾರೋ ನರವನ್ನು ಹಿಡಿದು ಜಗ್ಗಿದಂತಾಯಿತು. ಅದು ಕೈ ಜೋಮು ಹಿಡಿದದ್ದಲ್ಲ, ಚಳಿಯ ನಡುಕವಲ್ಲ, ಶುದ್ಧ ಕರೆಂಟು. ನನ್ನ ಕೈಯೊಂದರ ಮಾತಾಗಿದ್ದರೆ ಪ್ಲಗ್ಗು ಕಿತ್ತು ತೊಳೆದು ಸುಮ್ಮನಾಗುತ್ತಿದ್ದೆ. ಆದರೆ ಅಕ್ಕನ ಮಗಳು, ನಾಲ್ಕು ವರ್ಷದ ಪುಟಾಣಿ, ರಜೆಗೆ ಬರುವವಳಿದ್ದಳು, ಮತ್ತು ಅವಳಿಗೆ ಅಜ್ಜ, ಅಂದರೆ ನಮ್ಮಪ್ಪ, ಫೋನಿನಲ್ಲಿ ಸಾಹುಕಾರರಿಗೆ ಊಟ ಹಾಕೋದು ನೀನೇ ಕಣವ್ವ ಎಂದು ಮಾತು ಕೊಟ್ಟುಬಿಟ್ಟಿದ್ದರು. ತಾವೋ, ಬೆರಳಿನ ತುದಿಯಿಂದ ಕಿತ್ತುಕೊಂಡರೆ ಮಾತ್ರ ಕಾಳು ಮುಟ್ಟುವವರು.

ಹಾಗಾಗಿ ಅಪ್ಪನ ಮುಂದೆ ಅಹವಾಲು ಇಟ್ಟೆ. ನಮ್ಮಪ್ಪ ದರ್ಜಿ, ಮುಂದಿನ ಕೋಣೆಯೇ ಅವರ ಅಂಗಡಿ. ಅವರು ಕತ್ತಿನ ಮೇಲಿದ್ದ ಟೇಪನ್ನೂ ತೆಗೆಯದೆ ಎದ್ದು ಬಂದು, ಹೊಲಿಗೆ ನೋಡುವವರಂತೆ ಬಗ್ಗಿ ತಮ್ಮನ್ನು ನೋಡಿ, ಮೀನೇ ಸುಮ್ಮನಿದೆಯಲ್ಲ, ಇಡೀ ದಿನ ಅದರಲ್ಲೇ ಬಿದ್ದಿರೋದಕ್ಕಿಲ್ಲದ ಕರೆಂಟು ಒಂದು ಗಳಿಗೆ ಕೈ ಇಟ್ಟ ನಿನಗೆಲ್ಲಿಂದ ಬಂತೇ ಎಂದರು. ತಾವು ಆ ಹೊತ್ತಿಗೆ ಸರಿಯಾಗಿ ಬಾಲವನ್ನು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಆಡಿಸಿ, ಬಾಯಿ ತೆರೆದು ಮುಚ್ಚಿದಿರಿ. ನನ್ನ ಮೊಕದ್ದಮೆ ಅಲ್ಲಿಗೆ ವಜಾ ಆಯಿತು. ಆಮೇಲೆ ಅಪ್ಪ ತಾವೇ ನೀರಿಗೆ ಕೈ ಅದ್ದಿ ನೋಡಿದರು, ಏನೂ ಆಗಲಿಲ್ಲ. ಅಮ್ಮನೂ ಅದ್ದಿದಳು, ಏನೂ ಆಗಲಿಲ್ಲ. ಅಳಿಯಂದಿರು ಕೊಟ್ಟ ಸಾಮಾನಿಗೆ ಹೆಸರಿಡಬೇಡ, ಸ್ವಲ್ಪ ಜುಂ ಅಂದರೆ ಮೈ ಸವೆಯೋದಿಲ್ಲ ಎಂದು ಬುದ್ಧಿಯನ್ನೂ ಹೇಳಿದಳು. ಭಾವ ಫೋನಿನಲ್ಲಿ ನಕ್ಕು, ಹೀಟರು ಒಳ್ಳೇ ಕಂಪನಿಯದು, ನಿಮ್ಮ ಹುಡುಗಿಯ ಕೈ ಯಾವ ಕಂಪನಿಯದೋ ವಿಚಾರಿಸಿ ಎಂದರಂತೆ.

ತೊಟ್ಟಿ ತೊಳೆಯೋದು ತಪ್ಪಿಸಿಕೊಳ್ಳೋಕೆ ನೆಪ ಎಂಬುದು ಕೊನೆಗೆ ಮನೆಯ ಒಟ್ಟು ಅಭಿಪ್ರಾಯವಾಯಿತು. ನನಗೆ ನೋವಾದದ್ದು ಇಲ್ಲಿ. ಶಾಲೆ ಏಕೆ ಬಿಟ್ಟೆ ಎಂದು ಕೇಳಿದವರಿಗೆಲ್ಲ, ನನಗೇ ಬೇಜಾರಾಯಿತು, ಬಿಟ್ಟೆ ಎಂದು ಮುಖಕ್ಕೆ ಮುಖ ಕೊಟ್ಟು ಹೇಳಿದವಳು ನಾನು. ತಲೆನೋವು, ಕಣ್ಣುನೋವು, ಮೇಷ್ಟರ ಹೊಡೆತ ಎಂದು ಎಷ್ಟು ಚಂದದ ಕಾರಣಗಳು ಕೈಗೆಟುಕುವಂತಿದ್ದವು, ಒಂದನ್ನೂ ಮುಟ್ಟಲಿಲ್ಲ. ಅಂಥವಳ ಮಾತಿಗಿಂತ, ಜನ್ಮದಲ್ಲಿ ಒಂದು ಮಾತೂ ಆಡದ ತಮ್ಮ ಮೌನಕ್ಕೆ ಹೆಚ್ಚು ಬೆಲೆ ಬಂದಿತಲ್ಲ, ಅದಕ್ಕೆ ತಮ್ಮನ್ನು ಅಭಿನಂದಿಸದೆ ಇರಲಾರೆ. ಎಂಥ ಗಾಂಭೀರ್ಯ, ಎಂಥ ನಿರ್ಲಿಪ್ತ ಮುಖ. ಯಾವ ಕಚೇರಿಯ ಯಾವ ದೊಡ್ಡ ಕುರ್ಚಿಯಲ್ಲಿ ತಮ್ಮನ್ನು ಕೂರಿಸಿದರೂ ಕುರ್ಚಿಗೇ ಶೋಭೆ.

ನಿಜ ತಿಳಿದದ್ದು ಒಂದು ಚಪ್ಪಲಿಯ ದಯೆಯಿಂದ. ಅಂಗಡಿಯ ನೆಲದ ತುಂಬ ಗುಂಡುಸೂಜಿ ಬಿದ್ದಿರುವುದರಿಂದ ಅಪ್ಪ, ಅಮ್ಮ ಇಬ್ಬರೂ ದಿನವಿಡೀ ರಬ್ಬರ್ ಚಪ್ಪಲಿಯಲ್ಲೇ ಓಡಾಡುತ್ತಾರೆ. ನಾನೊಬ್ಬಳೇ ಬರಿಗಾಲಿನವಳು, ಚಪ್ಪಲಿ ಹುಡುಕುವಷ್ಟು ತಾಳ್ಮೆ ಇದ್ದಿದ್ದರೆ ಶಾಲೆಯನ್ನೇ ಮುಗಿಸಿಬಿಡುತ್ತಿದ್ದೆ. ಬಟ್ಟೆ ಒಣಹಾಕಲು ಒಂದು ದಿನ ಅಮ್ಮನ ಚಪ್ಪಲಿ ಮೆಟ್ಟಿಕೊಂಡು ಹೊರಟವಳು ದಾರಿಯಲ್ಲಿ ತಮಗೆ ಕಾಳು ಕೊಟ್ಟೆ, ಬೆರಳು ನೀರಿಗಿಳಿಯಿತು, ಜುಂ ಎನ್ನಲಿಲ್ಲ. ಚಪ್ಪಲಿ ಬಿಟ್ಟು ಒದ್ದೆ ನೆಲದ ಮೇಲೆ ನಿಂತು ಮತ್ತೆ ಅದ್ದಿದೆ, ಜುಂ ಅಂದಿತು. ಬೀದಿಕೊನೆಯ ಎಲೆಕ್ಟ್ರಿಕ್ ಅಂಗಡಿಯವನನ್ನು ಕೇಳಿದ್ದಕ್ಕೆ, ಕರೆಂಟಿಗೆ ನೆಲಕ್ಕಿಳಿಯಲು ದಾರಿ ಬೇಕು, ಮೀನು ನೀರೊಳಗೇ ತೇಲಿಕೊಂಡಿರುತ್ತೆ, ನೆಲ ಮುಟ್ಟೋದಿಲ್ಲ, ನೀನು ನೀರಿಗೆ ಕೈ ಕೊಟ್ಟು ನೆಲಕ್ಕೆ ಕಾಲು ಕೊಟ್ಟರೆ ದಾರಿ ನೀನೇ ಆದೆಯಲ್ಲ, ಮೊದಲು ಆ ಹೀಟರ್ ಗಾಜು ಬಿರುಕು ಬಿಟ್ಟಿದೆಯಾ ನೋಡು ಎಂದ. ನೋಡಿದೆ. ಕೂದಲೆಳೆಯಷ್ಟು ಬಿರುಕು, ಒಳಗೆ ಬೆವರಿನಂತೆ ನೀರು. ಅಪ್ಪನಿಗೆ ತೋರಿಸಿದರೆ, ಅದು ಗಾಜಿಗಂಟಿದ ನೂಲು ಎಂದರು.

ಆದುದರಿಂದ ತಮ್ಮಲ್ಲಿ ಕೆಲವು ಸಣ್ಣ ಕೋರಿಕೆಗಳಿದ್ದವು. ತಾವು ಒಂದು ಈಜುರೆಕ್ಕೆಯನ್ನು ನೀರಲ್ಲಿಟ್ಟು ಬಾಲವನ್ನು ಒದ್ದೆ ನೆಲದ ಮೇಲೂರಿ ಅಪ್ಪನ ಸಮಕ್ಷಮ ಒಮ್ಮೆ ನಿಲ್ಲಬಹುದಿತ್ತು. ಅದು ತಮ್ಮ ಅಂತಸ್ತಿಗೆ ಕಡಿಮೆಯೆನಿಸಿದರೆ, ಭಾವ ಬಂದಾಗ ಹೊಟ್ಟೆ ಮೇಲೆ ಮಾಡಿ ಸ್ವಲ್ಪ ಹೊತ್ತು ಸತ್ತಂತೆ ನಟಿಸಿ, ಮತ್ತೆ ಎದ್ದು ಊಟ ಮಾಡಬಹುದಿತ್ತು. ಅದೂ ಬೇಡವೆಂದಿದ್ದರೆ, ತಾವು ಕರೆಂಟಿನ ವಿಷಯದಲ್ಲಿ ಸಾಕ್ಷಿ ಹೇಳಲು ಅನರ್ಹರೆಂದು ಗುಳ್ಳೆಗಳಲ್ಲಾದರೂ ಬರೆದುಕೊಡಬಹುದಿತ್ತು. ತಾವು ಯಾವುದನ್ನೂ ಮಾಡದ ಕಾರಣ, ಚಪ್ಪಲಿ ಬಿಟ್ಟು ಒಮ್ಮೆ ಕೈ ಅದ್ದಿ ನೋಡಿ ಎಂದು ಅಪ್ಪನನ್ನು ನಾನೇ ಕೇಳಬೇಕಾಯಿತು. ನನ್ನ ಕಾಲಿಂದ ಚಪ್ಪಲಿ ಬಿಚ್ಚಿಸೋ ಮಟ್ಟಕ್ಕೆ ಬೆಳೆದೆಯಾ ಎಂದು ಅವರು ಚಪ್ಪಲಿ ಸಮೇತ ಮೆಷಿನ್ನಿನ ಮುಂದೆ ಹೋಗಿ ಕೂತರು.

ಇವತ್ತು ಬೆಳಿಗ್ಗೆ ಅಕ್ಕ, ಭಾವ, ಪುಟಾಣಿ ಬಂದರು. ಮಗುವಿಗೆ ಸ್ನಾನ ಮಾಡಿಸಿದರು. ಅವಳು ಟವೆಲನ್ನು ಅರ್ಧ ದಾರಿಯಲ್ಲೇ ಬೀಳಿಸಿ, ನೀರು ಸುರಿಯುವ ಬರಿಗಾಲಲ್ಲಿ, ಹಿಡಿಯಲ್ಲಿ ಕಾಳು ಹಿಡಿದು, ಸಾಹುಕಾರ್ರೇ ಊಟ ಊಟ ಎನ್ನುತ್ತ ತಮ್ಮ ಕಡೆಗೆ ಓಡಿಬರುವುದನ್ನು ನೋಡಿದೆ. ಇನ್ನು ವಾದಿಸಲು ಹೊತ್ತಿರಲಿಲ್ಲ. ಪ್ಲಗ್ಗನ್ನು ಗೋಡೆಯಿಂದ ಕಿತ್ತೆ. ಕಿತ್ತದ್ದನ್ನು ಭಾವ ಮತ್ತೆ ಸಿಕ್ಕಿಸುವ ಮನುಷ್ಯ ಎಂದು ಗೊತ್ತಿದ್ದರಿಂದ, ಕೈಗೆ ಸಿಕ್ಕಿದ್ದರಲ್ಲಿ ವಯರನ್ನೂ ಕತ್ತರಿಸಿದೆ. ಕೈಗೆ ಸಿಕ್ಕಿದ್ದು ಅಪ್ಪನ ಬಟ್ಟೆ ಕತ್ತರಿ. ಕಾಗದಕ್ಕೂ ಮುಟ್ಟಿಸದ ಕತ್ತರಿಯಲ್ಲಿ ತಂತಿ ಕತ್ತರಿಸಿದವಳು ಯಾರ ಮಗಳು ಎಂದು ಅಪ್ಪ ಗೋಡೆಯನ್ನು ಕೇಳುತ್ತಿದ್ದಾಗಲೇ ಪುಟಾಣಿಯ ಕೈ ಮಣಿಕಟ್ಟಿನವರೆಗೆ ನೀರಿಗಿಳಿಯಿತು, ತಾವು ಬಂದು ಕಾಳು ಕಿತ್ತುಕೊಂಡಿರಿ, ಅವಳು ಕಚಗುಳಿಗೆ ಕಿಲಕಿಲ ನಕ್ಕಳು.

ಮತ್ತು ಆಗ, ಮಾನ್ಯರೇ, ಭಾವ ನನ್ನ ಕಡೆ ತಿರುಗಿ, ನೋಡಿದೆಯಾ, ಮಗುವೇ ಕೈ ಹಾಕಿತು, ಏನಾಯಿತು ಎಂದರು. ಪ್ಲಗ್ಗು ನನ್ನ ಕೈಯಲ್ಲಿದೆ ಭಾವ ಎಂದೆ. ಅದು ಗೋಡೆಯಲ್ಲಿದ್ದಿದ್ದರೂ ಏನೂ ಆಗ್ತಿರಲಿಲ್ಲ ಬಿಡು ಎಂದರು. ಅಕ್ಕ ಮಾತ್ರ ಮಗುವನ್ನು ಎತ್ತಿಕೊಂಡು, ಅದರ ಒದ್ದೆ ಅಂಗಾಲನ್ನು ಸೆರಗಿನಲ್ಲಿ ತುಂಬ ಹೊತ್ತು ಒರೆಸುತ್ತ ನಿಂತಳು. ಏನೂ ಆಗದಿರಲಿ ಎಂದೇ ತಾನೇ ನಾನು ಇಷ್ಟೆಲ್ಲ ಮಾಡಿದ್ದು. ಹಾಗೆಯೇ ಏನೂ ಆಗಲಿಲ್ಲ. ಅದಕ್ಕಾಗಿ ಸುಳ್ಳಿ ಎನಿಸಿಕೊಂಡರೆ ಅಡ್ಡಿಯಿಲ್ಲ.

ಆದರೆ ಮಧ್ಯಾಹ್ನದ ಹೊತ್ತಿಗೆ ನೀರು ತಣ್ಣಗಾದದ್ದೇ ತಡ, ತಾವು ತಳದ ಮೂಲೆಗೆ ಹೋಗಿ, ಒಂದು ಮಗ್ಗುಲಾಗಿ ಒರಗಿ, ಕಾಳು ಕೊಟ್ಟರೆ ಮುಖ ತಿರುಗಿಸಿದಿರಿ. ಅಪ್ಪ ಅದನ್ನು ಕಂಡು ಅರ್ಧ ಹೊಲಿದ ಕೋಟನ್ನು ಮೆಷಿನ್ನಿನ ಮೇಲೇ ಬಿಟ್ಟು, ಬಾಯಿಲ್ಲದ ಪ್ರಾಣಿ ಎನ್ನುತ್ತ ಪೇಟೆಗೆ ಹೋಗಿ, ಹೊಸ ಹೀಟರನ್ನೂ, ನೀರಿಗೆ ಕರೆಂಟು ಸೋರಿದರೆ ತಾನಾಗಿಯೇ ಅದನ್ನು ಕಡಿಯುವ ಸ್ವಿಚ್ಚನ್ನೂ ತಂದು ಹಾಕಿಸಿದರು. ಆ ಸ್ವಿಚ್ಚು ಯಾಕೆ ಎಂದು ಕೇಳಿದ್ದಕ್ಕೆ, ಮೀನಿಗೆ ಏನಾದರೂ ಆದರೆ ಎಂದರು. ಬಾಯಿರುವ ನಾನು ಇಷ್ಟು ದಿನ ಒದರಿ ಗಿಟ್ಟಿಸಲಾಗದ್ದನ್ನು ತಾವು ಒಂದು ಮಧ್ಯಾಹ್ನದ ಮುನಿಸಿನಲ್ಲಿ ಗಿಟ್ಟಿಸಿದಿರಿ. ತಮ್ಮ ಈ ಪ್ರಭಾವಕ್ಕೆ ತಲೆಬಾಗುತ್ತ, ಮುಂದೆ ಮನೆಯಲ್ಲಿ ನನಗೇನಾದರೂ ಬೇಕಾದರೆ ತಮ್ಮ ಮೂಲಕವೇ ಅರ್ಜಿ ಸಲ್ಲಿಸಲು ಅಪ್ಪಣೆ ಕೋರುತ್ತೇನೆ.

ತಮ್ಮ ವಿಶ್ವಾಸಿ,
ಪ್ಲಗ್ಗು ಕಿತ್ತು ತೊಟ್ಟಿ ತೊಳೆಯುವವಳು

ವಿ.ಸೂ.: ಪುಟಾಣಿ ತನಗೂ ಒಂದು ಮೀನು ಬೇಕೆಂದು ಹಟ ಹಿಡಿದಿದ್ದಾಳೆ. ಆದ್ದರಿಂದ ಭಾವ ಹಳೆಯ ಹೀಟರನ್ನು ಹುಡುಕುತ್ತಿದ್ದಾರೆ, ವಯರಿಗೆ ಟೇಪು ಸುತ್ತಿ ಅವರ ಮನೆಯಲ್ಲೇ ಬಳಸುವರಂತೆ. ಕೇಳಿದವರಿಗೆ ಸುಳ್ಳು ಹೇಳುವ ಅಭ್ಯಾಸ ನನಗಿಲ್ಲ: ಅದು ಹಿತ್ತಿಲ ಕಸದ ಡಬ್ಬದಲ್ಲಿ ಪುಡಿಯಾಗಿದೆ. ಸುತ್ತಿಗೆಯಿಂದ ಕುಟ್ಟಿದ್ದು ತಮ್ಮ ತೊಟ್ಟಿಯ ಎದುರಿಗೇ. ತಾವು ಎಂದಿನಂತೆ ಬಾಯಿ ತೆರೆದು ಮುಚ್ಚಿದಿರಿ. ಭಾವ ಕೇಳಿದರೆ ಅಷ್ಟನ್ನೇ ಹೇಳಿ.