ಹೆಡತಲೆ ಅಜ್ಜಿಯ ಅನುಮಾನ, ಮೊಮ್ಮಗಳ ಕೆಮ್ಮು

ಮಕ್ಕಳ ಡಾಕ್ಟರನ್ನ ಮಕ್ಕಳು ಹೇಗೋ ನಂಬಿಬಿಡುತ್ತವೆ. ಜೊತೆಗೆ ಬಂದ ದೊಡ್ಡವರು ಮಾತ್ರ ಜಪ್ಪಯ್ಯ ಅಂದರೂ ನಂಬೋದಿಲ್ಲ ಕಣ್ರೀ. ನಂಜನಗೂಡಲ್ಲಿ ಕ್ಲಿನಿಕ್ಕು ತೆರೆದ ದಿನದಿಂದ ನನ್ನ ಹಣೆಬರಹ ಇದೇ. ಅದರಲ್ಲೂ ಪಕ್ಕದ ಹೆಡತಲೆ ಊರಿನ ಅಜ್ಜಿಯೊಬ್ಬರಿದ್ದಾರೆ. ಥರ್ಮಾಮೀಟರನ್ನೂ ತಿರುಗಿಸಿ ನೋಡಿಯೇ ಮೊಮ್ಮಗಳ ಕಂಕುಳಿಗೆ ಇಡಲು ಬಿಡೋರು.

೧. ಓಡಾಡೋ ಕಾಯಿಲೆ

ಮೊಮ್ಮಗಳು ಎರಡನೇ ಕ್ಲಾಸು. ವಾರಗಟ್ಟಲೆ ಒಣಕೆಮ್ಮು, ಸಣ್ಣ ಜ್ವರ. ಊರಲ್ಲಿ ಕೊಟ್ಟ ಔಷಧಿಗೆ ಬಗ್ಗಿರಲಿಲ್ಲ. ಕ್ಲಾಸಿನ ಬೇರೆ ಮಕ್ಕಳೂ ಹೀಗೇ ಕೆಮ್ಮುತ್ತಿದ್ದರಂತೆ. ಹುಡುಗಿ ಮಾತ್ರ ಕೆಮ್ಮುತ್ತಲೇ ನನ್ನ ಕುರ್ಚಿ ಹತ್ತಿ ಗಿರಗಿರ ಸುತ್ತುತ್ತಿದ್ದಳು. ನನಗೆ ಅನುಮಾನ ಬಂದು ಎಕ್ಸ್‌ರೇ ತೆಗೆಸಿದೆ. ಶ್ವಾಸಕೋಶದಲ್ಲಿ ಬೆಳ್ಳಗೆ ಮೋಡ ಕಟ್ಟಿತ್ತು.

"ನ್ಯುಮೋನಿಯಾ ಅಜ್ಜಿ. ಮೈಕೋಪ್ಲಾಸ್ಮಾ ಅನ್ನೋ ರೋಗಾಣು. ಇದರಲ್ಲಿ ಮಕ್ಕಳು ಓಡಾಡ್ಕೊಂಡೇ ಇರ್ತವೆ."

"ನುಮೋನಿಯ ಬಂದೋರು ಇಂಗೆ ಸುತ್ತಾರಾ ಸಾ? ಇದು ಬ್ಯಾರೆ ಯಾರ್ದೋ ಎದೆ. ಅದಲುಬದಲು ಮಾಡವ್ರೆ."

"ಹೆಸರು ಬರೆದಿದೆಯಲ್ಲ ಅಜ್ಜಿ?"

"ಎಸ್ರು ಯಾರ್ ಬೇಕಾದ್ರೂ ಬರೀಬೋದು ಬುಡಿ. ನಮ್ ಮೊಗದ ಕಿವೀಲಿರೋ ಓಲೆ ಎಲ್ಲದೆ ಇದ್ರಲ್ಲಿ?"

೨. ಗೋಡೆ ಇಲ್ಲದ ರೋಗಾಣು

ಊರಿನ ಔಷಧಿ ಯಾಕೆ ನಾಟಲಿಲ್ಲ ಅಂತ ಕೇಳಿದರು. "ಅದು ರೋಗಾಣುವಿನ ಗೋಡೆ ಒಡೆಯೋ ಔಷಧಿ. ಇದಕ್ಕೆ ಗೋಡೆಯೇ ಇಲ್ಲ. ಅದಕ್ಕೇ ಬೇರೆ ಸಿರಪ್ಪು" ಎಂದೆ. ಹುಡುಗಿಯ ತೂಕ ನೋಡಿ, ಈ ಸಿರಪ್ಪು ಕೆಲವರ ಹೃದಯಕ್ಕೆ ಆಗಿಬರೋದಿಲ್ಲ ಅಂತ ಹೃದಯದ ತೊಂದರೆ ಏನಾದರೂ ಇದೆಯಾ, ಬೇರೆ ಮಾತ್ರೆ ನುಂಗುತ್ತಾಳಾ ಎಂದೆಲ್ಲ ವಿಚಾರಿಸಿ ಬರೆದುಕೊಟ್ಟೆ. ವಿಚಾರಿಸಿದ್ದೇ ತಪ್ಪಾಯಿತು.

"ಕೆಮ್ಮು ಅಂತ ಬಂದ್ರೆ ಗುಂಡ್ಗೆ ಸಮಾಚಾರ ಕೇಳ್ತಾರೆ. ಇವ್ರಿಗೇ ಧೈರ್ಯ ಇಲ್ಲ ಕನವ್ವಾ" ಎಂದು ಪಕ್ಕದ ಹೆಂಗಸಿಗೆ, ನನಗೂ ಕೇಳೋ ಹಾಗೆ, ಪಿಸುಗುಟ್ಟಿದರು.

೩. ಬೇರೆ ಡಾಕ್ಟ್ರು

ಪ್ರತಿ ಗುರುವಾರ ನಾನು ಟಿ. ನರಸೀಪುರದ ಇನ್ನೊಂದು ಕ್ಲಿನಿಕ್ಕಲ್ಲಿ ಕೂರುತ್ತೇನೆ. ಆ ವಾರ ನನಗೂ ನೆಗಡಿ. ಗಂಟಲು ಕಟ್ಟಿ, ಮಾಸ್ಕ್ ಹಾಕಿಕೊಂಡಿದ್ದೆ. ಒಳಗೆ ಬಂದದ್ದು ಯಾರು? ಅದೇ ಅಜ್ಜಿ, ಅದೇ ಹುಡುಗಿ, ಅದೇ ಎಕ್ಸ್‌ರೇ!

"ನಂಜನಗೂಡಲ್ಲಿ ಒಬ್ಬವ್ನೆ ಸಾ, ಬಾಯಿಗ್ ಬಂದಂಗೆ ಯೋಳ್ತಾನೆ. ಅವ್ನ ಔಸ್ದಿ ನಾನು ಕೊಡ್ನೇ ಇಲ್ಲ. ನೀವ್ ನೋಡಿ."

ಮೈಯೆಲ್ಲ ಉರಿದುಹೋಯಿತು. ಮಾಸ್ಕ್ ಕಿತ್ತು ಚೆನ್ನಾಗಿ ಬಯ್ಯೋಣ ಎಂದು ಕೈಯೆತ್ತಿದೆ. ಅಷ್ಟರಲ್ಲಿ ಹುಡುಗಿಯ ಕಡೆ ನೋಡಿದೆ. ಈ ಸಲ ಕುರ್ಚಿ ಹತ್ತಲಿಲ್ಲ. ಅಜ್ಜಿಗೆ ಒರಗಿಕೊಂಡು ಬೇಗಬೇಗ ಉಸಿರಾಡುತ್ತಿದ್ದಳು. ನನಗೆ ನಿಜಕ್ಕೂ ಭಯವಾಯಿತು. ನಾನೇ ಅಂತ ಗೊತ್ತಾದರೆ ಈಯಮ್ಮ ಮತ್ತೊಂದು ಊರಿನ ಬಸ್ಸು ಹತ್ತುತ್ತಾರೆ! ಕೈ ಇಳಿಸಿದೆ. ಬೆರಳಿಗೆ ಕ್ಲಿಪ್ಪು ಹಾಕಿ ಆಕ್ಸಿಜನ್ ನೋಡಿದೆ, ಸದ್ಯ, ಸರಿಯಿತ್ತು. ಅದೇ ರೋಗ ಹೇಳಿ, ಅದೇ ಸಿರಪ್ಪು ತರಿಸಿ, ಮೊದಲನೇ ಡೋಸು ಎದುರಿಗೇ ಕುಡಿಸಿದೆ. ಉಸಿರು ಇನ್ನೂ ಜೋರಾದರೆ ಕಾಯದೆ ದೊಡ್ಡಾಸ್ಪತ್ರೆಗೆ ಓಡಿ ಎಂದೂ ಹೇಳಿದೆ. ಅಜ್ಜಿ ಎಲ್ಲಕ್ಕೂ ತಲೆಯಾಡಿಸಿದರು.

ಮುಂದಿನ ವಾರ ಅಜ್ಜಿ ನಂಜನಗೂಡಿನ ಕ್ಲಿನಿಕ್ಕಿಗೆ ಬಂದರು. ಹುಡುಗಿ ಸೀದಾ ಓಡಿಬಂದು ನನ್ನ ಕುರ್ಚಿ ಎಳೆಯತೊಡಗಿದಳು. ಅಬ್ಬಾ, ಬದುಕಿದೆ ಅನ್ನಿಸಿತು. ಅಜ್ಜಿ ನನ್ನನ್ನು ಮರುಕದಿಂದ ನೋಡಿದರು.

"ಮೊಗ ವಾಸಿ ಆಯ್ತು, ತೋರ್ಸವಾ ಅಂತ ಬಂದೆ. ಬೇಜಾರ್ ಮಾಡ್ಕಬ್ಯಾಡಿ ಸಾ, ನೀವಿನ್ನೂ ಸಣ್ಣೋರು. ನರಸೀಪುರ್ದಲ್ಲಿ ಗುರ್ವಾರ ಗುರ್ವಾರ ಒಬ್ರು ಒಳ್ಳೆ ಡಾಕ್ಟ್ರು ಬತ್ತಾರೆ. ವಸಿ ಓಗಿ ಕಲ್ತ್ಕಳಿ."