ಗ್ರಾಫಿಕ್ಸ್ ಕಾರ್ಡಿಗೆ ಮಖಮಲ್ಲಿನ ಅಂಗಿ

ನಮ್ಮ ಮನೆಯಲ್ಲಿ ನನ್ನ ಕಲೆಗೆ ಮೂರು ಕಾಸಿನ ಬೆಲೆಯಿಲ್ಲ. ನಾನು ದರ್ಜಿ. ಅಂಗಿ, ಪ್ಯಾಂಟು ಹೊಲಿಯುವ ಸಾಮಾನ್ಯ ದರ್ಜಿಯಲ್ಲ. ಸೋಫಾ, ಕಾರು, ವಾಷಿಂಗ್ ಮಷೀನು ಮುಂತಾದ ಬಾಯಿಲ್ಲದ ಗಿರಾಕಿಗಳಿಗೆ ಕವರ್ ಹೊಲಿಯುವವನು. (ಈ ಗಿರಾಕಿಗಳು ಕಂಕುಳಲ್ಲಿ ಬಿಗಿಯಾಯಿತೆಂದು ದೂರುವುದಿಲ್ಲ. ದೂರುವುದಕ್ಕೆ ಮನೆಯಲ್ಲಿ ಬೇರೆಯವರಿದ್ದಾರೆ.) ನಮ್ಮಲ್ಲಿ ಟಿವಿಗೆ ಕವರ್ ಇದೆ, ರಿಮೋಟಿಗೆ ಇದೆ, ಹಳೆಯ ಕವರುಗಳನ್ನು ತುಂಬಿಟ್ಟ ಟ್ರಂಕಿಗೂ ಇದೆ. "ಸ್ವಲ್ಪ ಹೊತ್ತು ಅಲ್ಲಾಡದೆ ಕೂತ್ರೆ ನನಗೂ ಒಂದು ಹೊಲಿದುಬಿಡ್ತಾರೆ" ಎಂದು ನನ್ನ ಹೆಂಡತಿ ಬಂದವರೆದುರಿಗೆಲ್ಲ ಹೇಳುತ್ತಾಳೆ.

ಹೀಗಿರುವಾಗ ಅವಳ ತಾಯಿ, ಅಂದರೆ ನಮ್ಮ ಅತ್ತೆ, ತಮ್ಮ ಕಂಪ್ಯೂಟರ್ ಸಮೇತ ನಮ್ಮಲ್ಲಿಗೆ ಬಂದರು. ಅತ್ತೆ ದೊಡ್ಡಾಸ್ಪತ್ರೆಯ ಹೆಡ್ ನರ್ಸ್ ಆಗಿ ನಿವೃತ್ತರಾದವರು. ಅವರು ಕೆಮ್ಮಿದರೆ ಡಾಕ್ಟರುಗಳೇ ಎದ್ದು ನಿಲ್ಲುತ್ತಿದ್ದರಂತೆ. ಈಗ ಅವರ ಸಕಲ ಶೌರ್ಯವೂ ಕಂಪ್ಯೂಟರಿನ ಕಾರ್ ರೇಸಿಗೆ ಮೀಸಲು. ಬೇರೆ ಊರಿನಲ್ಲಿರುವ ಅವರ ತಂಗಿ, ನಮ್ಮ ಚಿಕ್ಕತ್ತೆ, ಅಲ್ಲಿಂದಲೇ ಇಂಟರ್‌ನೆಟ್ಟಿನಲ್ಲಿ ಇವರ ಜೊತೆ ಪೈಪೋಟಿಗೆ ಇಳಿಯುತ್ತಾರೆ. ಚಿಕ್ಕಂದಿನಲ್ಲಿ ಒಂದೇ ಸೈಕಲ್ಲಿಗಾಗಿ ಶುರುವಾದ ಜಗಳ, ಈಗ ಗೇರು ಬದಲಾಯಿಸಿಕೊಂಡು ಮುಂದುವರಿದಿದೆ.

ಬರುವ ಭಾನುವಾರ ಮೂರು ಸುತ್ತಿನ ಮಹಾಸಮರವೆಂದು ಇಬ್ಬರೂ ಗೊತ್ತುಮಾಡಿದ್ದರು. ಸೋತವರು ನೆಂಟರಿಷ್ಟರೆಲ್ಲ ಸೇರಿರುವ ವಿಡಿಯೋ ಕಾಲಿನಲ್ಲಿ, "ನಿನ್ನ ಮುಂದೆ ನಾನೇನೂ ಅಲ್ಲ" ಎಂದು ಬಾಯಿಬಿಟ್ಟು ಹೇಳಬೇಕು. ಅತ್ತೆ ಹುಟ್ಟಿದಂದಿನಿಂದ ಈ ವಾಕ್ಯವನ್ನು ಯಾರಿಗೂ ಹೇಳಿದವರಲ್ಲ.

ನಾನಾದರೋ ಆ ಕಂಪ್ಯೂಟರ್ ಪೆಟ್ಟಿಗೆಯನ್ನು ನೋಡಿ ಮರುಗಿದೆ. ಪಾಪ, ಮೈತುಂಬ ತೂತು! ಹಿಂದೆ ತೂತು, ಪಕ್ಕದಲ್ಲಿ ತೂತು, ನೆತ್ತಿಯ ಮೇಲೂ ಜರಡಿ. ತೂತು ಕಂಡರೆ ಸುಮ್ಮನಿರುವವನು ದರ್ಜಿಯೇ ಅಲ್ಲ. ಅತ್ತೆಗೆ ಅಳಿಯನ ಉಡುಗೊರೆಯೆಂದು, ಕೆಂಪು ಮಖಮಲ್ಲಿನಲ್ಲಿ ಮೈಗೆ ಅಂಟಿದಂತಹ ಕವರ್ ಹೊಲಿದು, ವೈರುಗಳಿಗೆ ಕಾಜಾ ಇಟ್ಟು, ಹಿಂದಕ್ಕೆ ಕಟ್ಟುವ ಲಾಡಿಯನ್ನೂ ಇಟ್ಟು ತೊಡಿಸಿದೆ. ಅತ್ತೆ ಕನ್ನಡಕ ಏರಿಸಿ ನೋಡಿ, "ಮದುಮಗನ ಹಾಗಿದೆ" ಎಂದರು. ನಾನು ಹಿಗ್ಗಿ ಹೀರೇಕಾಯಿಯಾದೆ.

ಮರುದಿನ ಬೆಳಿಗ್ಗೆ ಅತ್ತೆಯ ಕೋಣೆಯಿಂದ ಕೂಗು ಕೇಳಿಸಿತು. ಓಡಿಹೋಗಿ ನೋಡಿದರೆ ಪರದೆಯ ಮೇಲೆ ಆಕಾಶದ ತುಂಬ ಹಸಿರು ಗೆರೆಗಳು! ಮರಗಳು ಬೇರು ಬಿಟ್ಟು ಗಾಳಿಯಲ್ಲಿ ತೇಲುತ್ತಿದ್ದವು. ಅತ್ತೆಯ ಕಾರು ನೇರಳೆ ಬಣ್ಣದ ತ್ರಿಕೋನಗಳಾಗಿ ಒಡೆದು, ಮುಂದಿನ ಚಕ್ರ ಎಲ್ಲೋ, ಹಿಂದಿನ ಚಕ್ರ ಎಲ್ಲೋ ಓಡುತ್ತಿತ್ತು.

"ರಸ್ತೆ ನೋಡ್ರೀ, ಹಾವಿನ ಹಾಗೆ ಎದ್ದು ನಿಂತಿದೆ!" ಎಂದರು ಅತ್ತೆ.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಎಂದು ನಾನು ಪಕ್ಕದ ಕುರ್ಚಿಯಲ್ಲಿ ಕೂರುತ್ತ ಬಾಯಿ ತಪ್ಪಿ ಅಂದೆ. ಅತ್ತೆ ಕೆಮ್ಮಿದರು. ನಾನು ಎದ್ದು ನಿಂತೆ.

ಅವರು ಹಿಂಗೈಯನ್ನು ಕಂಪ್ಯೂಟರಿನ ನೆತ್ತಿಯ ಮೇಲಿಟ್ಟು, "ಇದಕ್ಕೆ ಜ್ವರ ಇದೆ, ಮೈ ಬೆಚ್ಚಗಿದೆ" ಎಂದರು.

"ಅದು ಮಖಮಲ್ ಅತ್ತೆ, ಬೆಚ್ಚಗೇ ಇರುತ್ತೆ. ಅದಕ್ಕೇ ಅಲ್ವಾ ಅದಕ್ಕೆ ಅಷ್ಟು ಬೇಡಿಕೆ!" ಎಂದು ನಕ್ಕುಬಿಟ್ಟೆ.

ಆ ಕ್ಷಣದಿಂದ ನಾನೇ ಸತ್ಯಶೋಧನಾ ಸಮಿತಿಯ ಅಧ್ಯಕ್ಷ. ಮೊಬೈಲಿನಲ್ಲಿ ವಿಡಿಯೋ ನೋಡಿ, ಪರದೆಯ ಮೇಲೆ ಚಿತ್ರ ಬಿಡಿಸುವ ಭಾರವೆಲ್ಲ ಗ್ರಾಫಿಕ್ಸ್ ಕಾರ್ಡ್ ಎಂಬ ಹಲಗೆಯದೆಂದು ತಿಳಿದುಕೊಂಡೆ. ಅದನ್ನು ಹೊರಗೆ ತೆಗೆದು, ಮುತ್ತಿನಂತೆ ಒರೆಸಿ, ಮತ್ತೆ ಕೂರಿಸಿ, ಅಂಗಿ ತೊಡಿಸಿದೆ. ಆಟ ಶುರುವಾಯಿತು. ರಸ್ತೆ ನೇರವಾಗಿತ್ತು. ನಾನು ಮೀಸೆ ತಿರುವಿ ಮುಗಿಸುವಷ್ಟರಲ್ಲಿ ಮರಗಳು ಮತ್ತೆ ಹಾರತೊಡಗಿದವು.

ಕಂಪ್ಯೂಟರ್ ಅಂಗಡಿಯವನಿಗೆ ಫೋನ್ ಮಾಡಿದೆ. ಸ್ಪೀಕರಿನಲ್ಲಿ ಅವನು, "ಡ್ರೈವರ್ ಹಳೇದಾಗಿರುತ್ತೆ, ಹೊಸದು ಹಾಕಿ" ಎಂದ.

ಅತ್ತೆ ಆಟದ ಸ್ಟಿಯರಿಂಗ್ ಬಿಟ್ಟು ಎದ್ದರು. "ಯಾರನ್ನ ಹಳೇದು ಅಂತಿರೋದು ಅವನು?"

ಅದು ಕಾರ್ಡನ್ನು ನಡೆಸುವ ಸಾಫ್ಟ್‌ವೇರಿನ ಹೆಸರೆಂದು ಸಮಾಧಾನ ಮಾಡುವಷ್ಟರಲ್ಲಿ ನನಗೆ ಸಾಕುಸಾಕಾಯಿತು. ಡ್ರೈವರ್ ಬದಲಾಯಿಸಿದರೂ ಹಸಿರು ಗೆರೆ ಬದಲಾಗಲಿಲ್ಲ. ಕೊನೆಗೆ ಪೆಟ್ಟಿಗೆಯನ್ನು ಹೊತ್ತು ಅಂಗಡಿಗೇ ಹೋದೆ. (ಹೊಸ ಕವರ್ ದಾರಿಯಲ್ಲಿ ಕೊಳೆಯಾಗಬಾರದೆಂದು ಕಳಚಿ, ಮಡಿಸಿ, ಬೀರುವಿನಲ್ಲಿಟ್ಟು ಹೋಗಿದ್ದೆ. ನನ್ನ ಮುನ್ನೆಚ್ಚರಿಕೆಯನ್ನು ಗಮನಿಸಿ.) ಅಲ್ಲಿ ಆಟ ಹಾಲಿನಲ್ಲಿ ತೊಳೆದಷ್ಟು ಸ್ವಚ್ಛವಾಗಿ ಓಡಿತು. ಅಂಗಡಿಯವನು ಆಡಿದ, ಅವನ ಪಾಲುದಾರ ಆಡಿದ, ಇಂಕ್ ಕೊಳ್ಳಲು ಬಂದಿದ್ದ ಗಿರಾಕಿಯೂ ಆಡಿ ಗೆದ್ದು ಹೋದ. ಒಂದು ಗೆರೆಯೂ ಕಾಣಲಿಲ್ಲ.

"ಮಷೀನ್ ಚೆನ್ನಾಗಿದೆ ಸಾರ್. ನಿಮ್ಮ ಮನೇಲೇ ಏನೋ ಇದೆ. ಕರೆಂಟೋ, ಧೂಳೋ ನೋಡಿ" ಎಂದ.

ನಮ್ಮ ಮನೆಯಲ್ಲೇ ಏನೋ ಇದೆ! ನನಗೆ ಎಲ್ಲವೂ ಸ್ಪಷ್ಟವಾಯಿತು. ಮನೆಗೆ ಬಂದವನೇ ಅಂಗಿ ತೊಡಿಸಿ, ತುರ್ತುಪರಿಸ್ಥಿತಿ ಘೋಷಿಸಿದೆ. ಮಿಕ್ಸಿ ಹಾಕಕೂಡದು. ಇಸ್ತ್ರಿ ಕೂಡದು. ಧೂಳು ಬರದಂತೆ ಅತ್ತೆಯ ಕೋಣೆಯ ಕಿಟಕಿಗಳು ಬಂದ್. ಕರೆಂಟಿನ ಏರಿಳಿತ ತಪ್ಪಿಸಲು ಫ್ಯಾನೂ ಬಂದ್.

"ಅಲ್ರೀ, ನಿಮ್ಮ ಆ ಕವರ್ ಒಂದನ್ನ ಬಿಟ್ಟು ಮನೇಲಿರೋ ಎಲ್ಲದರ ಮೇಲೂ ಅನುಮಾನವಾ ನಿಮಗೆ?" ಎಂದಳು ಹೆಂಡತಿ.

"ರಕ್ಷಣೆಗೆ ನಿಂತವನ ಮೇಲೆ ಅನುಮಾನ ಪಡ್ತಾರೇನೇ?"

"ಬೇಲಿಯೇ ಎದ್ದು ಹೊಲ ಮೇಯ್ದದ್ದು ಕೇಳಿಲ್ವಾ?"

ನನಗೆ ರೇಗಿತು. "ತಪ್ಪು ನನ್ನ ಕವರಿಂದು ಅಂತ ಗೊತ್ತಾದ್ರೆ ಒಂದು ತಿಂಗಳು ಪಾತ್ರೆ ನಾನೇ ತೊಳೀತೀನಿ. ಸಾಕಾ?"

"ಅಮ್ಮಾ, ಕೇಳಿಸ್ತಾ?" ಎಂದಳು ಅವಳು.

"ಕೇಳಿಸ್ತು" ಎಂದಿತು ಕೋಣೆಯೊಳಗಿನ ದನಿ.

ಹಟಕ್ಕೆ ಬಿದ್ದ ನಾನು, ಧೂಳಿನ ಒಂದು ಕಣವೂ ನುಸುಳದಂತೆ ಕವರಿನ ಒಳಗೆ ದಪ್ಪ ಹತ್ತಿಯ ಪದರವನ್ನೂ ಕೂರಿಸಿ ಹೊಲಿದೆ. ಚಳಿದೇಶದ ರಾಜರಿಗೂ ಅಂಥ ಅಂಗಿ ಇದ್ದಿರಲಾರದು.

ಭಾನುವಾರ ಮಧ್ಯಾಹ್ನ ಅತ್ತೆಯ ಕೋಣೆ ಒಲೆಯಂತಾಗಿತ್ತು. ವಿಡಿಯೋ ಕಾಲಿನಲ್ಲಿ ನೆಂಟರು ಸಾಲಾಗಿ ಕೂತಿದ್ದರು. ಹೆಂಡತಿ ರಟ್ಟಿನಿಂದ ಅಮ್ಮನಿಗೆ ಗಾಳಿ ಬೀಸುತ್ತಿದ್ದಳು. ಮೊದಲ ಸುತ್ತು ಶುರುವಾಗಿ ಎರಡು ತಿರುವು ದಾಟಿರಲಿಲ್ಲ, ಹಸಿರು ಗೆರೆಗಳು ಇಳಿದವು. ಬೆಟ್ಟ ತಲೆಕೆಳಗಾಯಿತು. ರಸ್ತೆ ಇರಬೇಕಾದ ಕಡೆ ನೇರಳೆ ಚೌಕಗಳು ಕುಣಿದವು.

"ಅಕ್ಕಾ, ಎಲ್ಲಿದ್ದೀಯೇ? ಕಾಣಿಸ್ತಾನೇ ಇಲ್ವಲ್ಲ!" ಎಂದು ಚಿಕ್ಕತ್ತೆ ಸ್ಪೀಕರಿನಲ್ಲಿ ಕಿಲಕಿಲ ನಕ್ಕರು.

"ನನಗೇ ನಾನು ಕಾಣಿಸ್ತಿಲ್ಲ ಕಣೇ!" ಎಂದು ಅತ್ತೆ ಗುಡುಗಿದರು.

ಸುತ್ತು ಮುಗಿದಾಗ ಚಿಕ್ಕತ್ತೆ ಗುರಿ ಮುಟ್ಟಿದ್ದರು. ಅತ್ತೆ ಕೆರೆಯೊಳಗಿದ್ದರು. ನೆಂಟರು ಬಾಯಿಗೆ ಕೈ ಅಡ್ಡ ಹಿಡಿದುಕೊಂಡಿದ್ದರು. ಅತ್ತೆಯ ಮುಖ ಮೊದಲ ಬಾರಿಗೆ ಸಣ್ಣದಾಯಿತು. ಅದನ್ನು ನೋಡಿ ನನಗೆ ನಿಜಕ್ಕೂ ಪಾಪ ಅನ್ನಿಸಿತು. ಎರಡನೆಯ ಸುತ್ತಿಗೆ ಮೊದಲು ಚಹಾ ವಿರಾಮವೆಂದು ಚಿಕ್ಕತ್ತೆ ಉದಾರವಾಗಿ ಸಾರಿದರು.

ಅತ್ತೆ ಎದ್ದರು. ಮಖಮಲ್ಲಿನ ಅಂಚು ಎತ್ತಿ ಒಳಗೆ ಕೈ ತೂರಿಸಿ, ಚುರ್ರೆನ್ನುತ್ತಲೇ ಹಿಂದಕ್ಕೆಳೆದುಕೊಂಡರು. ಆಮೇಲೆ ಮುಚ್ಚಿದ ಕಿಟಕಿ ನೋಡಿದರು. ನಿಂತ ಫ್ಯಾನು ನೋಡಿದರು. ಕೊನೆಗೆ ನನ್ನನ್ನು ನೋಡಿದರು.

"ಜ್ವರದಲ್ಲಿ ಬೇಯ್ತಿರೋ ರೋಗಿಗೆ ಕಂಬಳಿ ಹೊದಿಸಿ, ಕಿಟಕಿ ಮುಚ್ಚಿದವರು ಯಾರು?" ಇಡೀ ವಾರ್ಡು ನಡುಗುವಂತಹ ದನಿ ಅದು. "ಮೊದಲು ಬಟ್ಟೆ ತೆಗೀರಿ!"

ನಾನು ಗಾಬರಿಯಲ್ಲಿ ಅಂಗಿಯ ಗುಂಡಿಗೆ ಕೈ ಹಾಕಿದೆ.

"ನಿಮ್ಮದಲ್ಲ, ಅದರದು!" ಎಂದು ಹೆಂಡತಿ ಕಿರುಚಿದಳು. ನೆಂಟರೆಲ್ಲ ಬಿದ್ದು ಬಿದ್ದು ನಕ್ಕರು. (ವಿಡಿಯೋ ಕಾಲು ನಿಂತಿರಲಿಲ್ಲವೆಂಬುದು ನನಗೆ ಆಗ ಹೊಳೆಯಿತು.)

ಲಾಡಿ ಬಿಚ್ಚಿ ಕವರ್ ಎಳೆದೆ. ಒಳಗಿನಿಂದ ಬಿಸಿಗಾಳಿ ಮುಖಕ್ಕೆ ರಾಚಿತು. ನಾನು ಮುಚ್ಚಿಟ್ಟಿದ್ದ ತೂತುಗಳೆಲ್ಲ ಆ ಬಡಪಾಯಿಯ ಮೂಗಿನ ಹೊಳ್ಳೆಗಳೆಂದು ಆಗ ತಲೆಗೆ ಹೋಯಿತು. ಕಿಟಕಿ ತೆರೆಯಿತು, ಫ್ಯಾನು ತಿರುಗಿತು, ಚಹಾ ಆಯಿತು. ಮಷೀನಿನ ಉಸಿರು ತಣ್ಣಗಾಯಿತು. ಎರಡನೆಯ ಸುತ್ತಿನಲ್ಲಿ ಮರಗಳು ಮರ್ಯಾದೆಯಾಗಿ ನೆಲದ ಮೇಲೆ ನಿಂತವು, ರಸ್ತೆ ರಸ್ತೆಯಾಗಿಯೇ ಇತ್ತು. ಅತ್ತೆ ಗೆದ್ದರು. ಮೂರನೆಯ ಸುತ್ತಿನ ಕಟ್ಟಕಡೆಯ ತಿರುವಿನಲ್ಲಿ ಆಂಬುಲೆನ್ಸಿನಂತೆ ನುಗ್ಗಿ, ಕಾರಿನ ಮೂತಿಯಷ್ಟೇ ಅಂತರದಲ್ಲಿ ಅದನ್ನೂ ಗೆದ್ದರು. ನಾನೂ ಹೆಂಡತಿಯೂ ಎಲ್ಲ ಮರೆತು ಕೈ ಕೈ ಹಿಡಿದು ಕುಣಿದೆವು.

"ನಿನ್ನ ಮುಂದೆ ನಾನೇನೂ ಅಲ್ಲ ಕಣಕ್ಕ" ಎಂದರು ಚಿಕ್ಕತ್ತೆ, ಮೂತಿ ಉದ್ದ ಮಾಡಿ. "ಆದ್ರೂ ನಿನ್ನ ಮಷೀನಿನ ಆ ಕೆಂಪಂಗಿ ಬಹಳ ಚೆನ್ನಾಗಿತ್ತಪ್ಪ."

"ನಿನಗೇ ಕಳಿಸ್ತೀನಿ ತಗೋ" ಎಂದರು ಅತ್ತೆ, ಬಹಳ ಪ್ರೀತಿಯಿಂದ. "ಮುಂದಿನ ಪಂದ್ಯದ ಹೊತ್ತಿಗೆ ಹಾಕ್ಕೋ."

ಆದರೆ ಹೆಂಡತಿ ಬಿಡಲಿಲ್ಲ. ಅಷ್ಟು ಒಳ್ಳೆಯ ಬಟ್ಟೆ ಮನೆಯಲ್ಲೇ ಇರಲೆಂದು, ನನ್ನದೇ ಕತ್ತರಿಯಿಂದ ಒಂದು ಬದಿ ಕತ್ತರಿಸಿ, ನನ್ನ ಕೊರಳಿಗೆ ನೇತುಹಾಕಿ, ಹಿಂದೆ ಲಾಡಿ ಬಿಗಿದಳು. ಅಳತೆ ತೆಗೆದು ಹೊಲಿದಂತೆ ಸರಿಯಾಗಿ ಕೂತಿತು. ಅತ್ತೆ ಕನ್ನಡಕ ಏರಿಸಿ ನೋಡಿ, "ಮದುಮಗನ ಹಾಗಿದೆ" ಎಂದರು.

ಮಾಡಿದ್ದುಣ್ಣೋ ಮಹರಾಯ! ಈಗ ದಿನವೂ ಊಟವಾದ ಮೇಲೆ ಆ ಮಖಮಲ್ಲಿನ, ಹತ್ತಿಯ ಪದರದ ಏಪ್ರನ್ ತೊಟ್ಟು ಪಾತ್ರೆಗಳ ಬೆಟ್ಟದ ಮುಂದೆ ನಿಲ್ಲುತ್ತೇನೆ. ಪಕ್ಕದಲ್ಲಿ ಒಲೆ ಉರಿಯುತ್ತಿರುತ್ತದೆ. ಅರ್ಧ ಮುಗಿಯುವಷ್ಟರಲ್ಲಿ ಬೆವರು ಕಿತ್ತುಕೊಂಡು ಬಂದು, ಕಣ್ಣ ಮುಂದೆ ಸಣ್ಣಗೆ ಹಸಿರು ಗೆರೆಗಳು ಇಳಿಯತೊಡಗುತ್ತವೆ. ಹೆಂಡತಿಗೆ ಹೇಳಿದರೆ, "ಡ್ರೈವರ್ ಹಳೇದಾಗಿರುತ್ತೆ" ಎನ್ನುತ್ತಾಳೆ.